ಪಣದ ಗಣಿತ, ಪಣದ ಧರ್ಮ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಮೊದಲನೆಯ ಹೆಸರು ದ್ಯೂತದ್ದು. ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಇವೆಲ್ಲವೂ ಅದರ ಅನಂತರ ಬರುತ್ತವೆ. ಬಾಲ್ಯದಲ್ಲಿ ಬಸದಿಯ ಪಾಠಶಾಲೆಯಲ್ಲಿ ಈ ಪಟ್ಟಿಯನ್ನು ಕಂಠಪಾಠ ಮಾಡಿದ ನಮಗೆ, ಜೂಜಿಗೆ ಈ ಅಗ್ರಸ್ಥಾನ ಏಕೆ ದೊರೆಯಿತೆಂಬ ಪ್ರಶ್ನೆ ಏಳುವುದು ಅಪರೂಪ. ನನಗೂ ಎದ್ದಿರಲಿಲ್ಲ. ಅರವತ್ತು ದಾಟಿದ ಮೇಲೆ ಅದನ್ನು ನನ್ನ ಮುಂದಿಟ್ಟವನು ನನ್ನ ತಮ್ಮನ ಮಗ.

ಅವನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಜಿನಿಯರ್. ಮದ್ಯ ಮುಟ್ಟದವನು, ಪರ್ಯೂಷಣದಲ್ಲಿ ಏಕಾಶನ ಮಾಡುವವನು. ಆದರೆ ಶನಿವಾರದ ರಾತ್ರಿ ಅಲ್ಲಿ ಪರವಾನಗಿ ಪಡೆದ ಇಸ್ಪೀಟು ಮನೆಯೊಂದಕ್ಕೆ ಹೋಗಿ 'ನೋ-ಲಿಮಿಟ್ ಪೋಕರ್' ಆಡುತ್ತಾನೆ. ವಿಷಯ ತಿಳಿದು ನಾನು ಗದರಿಸಿದಾಗ ಅವನು ಕೋಪಿಸಿಕೊಳ್ಳಲಿಲ್ಲ. "ದೊಡ್ಡಪ್ಪ, ಇದು ಜೂಜಲ್ಲ, ಲೆಕ್ಕ. ನೀವು ಬಿ.ಕಾಂ. ಓದಿದವರು, ನಲವತ್ತು ವರ್ಷ ಖಾತೆ ಕಿರ್ದಿ ಬರೆದವರು. ನನ್ನ ಪುಸ್ತಕ ನೋಡಿ, ತಪ್ಪಿದ್ದರೆ ತೋರಿಸಿ" ಎಂದು ಎರಡು ವರ್ಷದ ಜಮಾ-ಖರ್ಚಿನ ಪುಸ್ತಕವನ್ನು ನನ್ನ ಕೈಗಿತ್ತನು. ನಾನು ಅದನ್ನು ಪರಿಶೀಲಿಸಿದೆ. ಪುಸ್ತಕ ಚೊಕ್ಕವಾಗಿತ್ತು. ಅವನು ನಿಜವಾಗಿಯೂ ಲಾಭದಲ್ಲಿದ್ದನು. "ಜೂಜು ಮನೆ ಹಾಳುಮಾಡುತ್ತದೆ" ಎಂಬ ನಮ್ಮ ಎಂದಿನ ಉಪದೇಶ ಅಲ್ಲಿ ನಿರುತ್ತರವಾಯಿತು. ಈ ಲೇಖನ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ. ಅದಕ್ಕಾಗಿ ಪಣದ ಲೆಕ್ಕದ ಇತಿಹಾಸವನ್ನು ಸ್ವಲ್ಪ ದೂರದಿಂದಲೇ ನೋಡಿಕೊಂಡು ಬರಬೇಕಾಗಿದೆ.

ಕೋಳಿ ಅಂಕದ ಒಂದು ಲೆಕ್ಕ

ಇತಿಹಾಸದ ಆರಂಭ ನಮ್ಮ ಮನೆಯಂಗಳದಲ್ಲಿಯೇ ಇದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ೧೯೧೨ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅದು ಪ್ರಕಟವಾದ ಮೇಲೆ ಲೋಕದ ವಿದ್ವಾಂಸರ ಗಮನ ಅದರತ್ತ ಹರಿಯಿತು. ಆ ಗ್ರಂಥದ ಮಿಶ್ರಕ ವ್ಯವಹಾರದಲ್ಲಿ ಕೋಳಿ ಕಾಳಗದ ಲೆಕ್ಕವೊಂದಿದೆ. ಮಂತ್ರ ಮತ್ತು ಔಷಧಗಳನ್ನು ಬಲ್ಲ ಒಬ್ಬ ಚತುರನು ಎರಡು ಕೋಳಿಗಳ ಒಡೆಯರನ್ನು ಬೇರೆಬೇರೆಯಾಗಿ, ಗುಟ್ಟಾಗಿ ಮಾತನಾಡಿಸುತ್ತಾನೆ. ಮೊದಲನೆಯವನಿಗೆ, ನಿನ್ನ ಕೋಳಿ ಗೆದ್ದರೆ ನಿನ್ನ ಪಣವನ್ನು ನನಗೆ ಕೊಡು, ಸೋತರೆ ಆ ಪಣದ ಮೂರನೆಯ ಎರಡು ಭಾಗವನ್ನು ನಾನು ನಿನಗೆ ಕೊಡುತ್ತೇನೆ ಎನ್ನುತ್ತಾನೆ. ಎರಡನೆಯವನಿಗೂ ಇದೇ ಮಾತು. ಆದರೆ ಅಲ್ಲಿ ಸೋತಾಗ ಕೊಡುವುದು ನಾಲ್ಕನೆಯ ಮೂರು ಭಾಗ. ಯಾವ ಕೋಳಿ ಗೆದ್ದರೂ ಈ ಚತುರನಿಗೆ ಹನ್ನೆರಡು ಹೊನ್ನು ಲಾಭ. ಹಾಗಾದರೆ ಇಬ್ಬರ ಪಣ ಎಷ್ಟೆಷ್ಟು?

ಉತ್ತರ ೪೨ ಮತ್ತು ೪೦. ಮೊದಲನೆಯ ಕೋಳಿ ಗೆದ್ದರೆ ೪೨ ಬಂದು, ೪೦ರ ಮುಕ್ಕಾಲು ಭಾಗವಾದ ೩೦ ಹೋಗುತ್ತದೆ, ಉಳಿಯುವುದು ೧೨. ಎರಡನೆಯದು ಗೆದ್ದರೆ ೪೦ ಬಂದು, ೪೨ರ ಮೂರನೆಯ ಎರಡು ಭಾಗವಾದ ೨೮ ಹೋಗುತ್ತದೆ. ಉಳಿಯುವುದು ಮತ್ತೆ ೧೨. ಇಂದಿನ ಹಣಕಾಸು ಶಾಸ್ತ್ರದಲ್ಲಿ ಇಂತಹ ಅಪಾಯರಹಿತ ಲಾಭಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಗಣಿತವನ್ನು ಆಚಾರ್ಯರು ನಿರ್ವಿಕಾರವಾಗಿ ಹೇಳಿದ್ದಾರೆ. ಆದರೆ ಆ ಚತುರನ ವ್ಯವಹಾರದಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕು. ಅವನು ಮಾತನಾಡಿದ್ದು ಗುಟ್ಟಾಗಿ. ಅವನ ಲಾಭ ಯಾವ ಸರಕಿನಿಂದಲೂ ಹುಟ್ಟಲಿಲ್ಲ. ಇಬ್ಬರ ಅಜ್ಞಾನದಿಂದ ಹುಟ್ಟಿತು. ಈ ಎರಡು ಸಂಗತಿಗಳಿಗೆ ನಾವು ಕೊನೆಯಲ್ಲಿ ಮರಳಿ ಬರುತ್ತೇವೆ.

ಖಾತೆ ಪುಸ್ತಕದ ಸೋದರ

ಯೂರೋಪಿನಲ್ಲಿ ಪಣದ ಲೆಕ್ಕ ಮತ್ತು ವ್ಯಾಪಾರದ ಲೆಕ್ಕ ಒಂದೇ ಗ್ರಂಥದಲ್ಲಿ ಮುದ್ರಣ ಕಂಡವೆಂಬುದು ವರ್ತಕರಾದ ನಮಗೆ ಸ್ವಾರಸ್ಯಕರ. ೧೪೯೪ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಲೂಕಾ ಪಾಚಿಯೋಲಿಯ ಗಣಿತ ಗ್ರಂಥದಲ್ಲಿ ದ್ವಿನಮೂದು ಲೆಕ್ಕಪದ್ಧತಿಯ ವಿವರಣೆಯಿದೆ. ಅದೇ ಗ್ರಂಥದಲ್ಲಿ, ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚುವುದು ಹೇಗೆಂಬ ಪ್ರಶ್ನೆಯೂ ಇದೆ. ಅರವತ್ತು ಅಂಕ ಮುಟ್ಟಿದವರು ಗೆಲ್ಲುವ ಚೆಂಡಾಟ. ಒಂದೊಂದು ಸುತ್ತಿಗೆ ಹತ್ತು ಅಂಕ. ಒಂದು ಪಕ್ಷ ೫೦, ಇನ್ನೊಂದು ೨೦ ಗಳಿಸಿದಾಗ ಆಟ ನಿಂತಿತು. ಗಳಿಸಿದ ಅಂಕದ ಪ್ರಮಾಣದಲ್ಲಿ, ೫ಕ್ಕೆ ೨ರಂತೆ ಹಂಚಬೇಕೆಂದು ಪಾಚಿಯೋಲಿ ಹೇಳಿದನು.

ಈ ಉತ್ತರ ತಪ್ಪು. ಆದದ್ದನ್ನು ಎಣಿಸಬಾರದು, ಆಗಬಹುದಾದದ್ದನ್ನು ಎಣಿಸಬೇಕು ಎಂಬ ದೃಷ್ಟಿ ದೊರೆಯಲು ೧೬೫೪ರವರೆಗೆ ಕಾಯಬೇಕಾಯಿತು. ಆ ವರ್ಷ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪರಸ್ಪರ ಬರೆದ ಪತ್ರಗಳಲ್ಲಿ ಈ ಸಮಸ್ಯೆ ಬಿಡಿಸಲ್ಪಟ್ಟಿತು. ಮೇಲಿನ ಚೆಂಡಾಟದಲ್ಲಿ ಮುಂದಿರುವ ಪಕ್ಷಕ್ಕೆ ಒಂದೇ ಸುತ್ತು ಸಾಕು. ಹಿಂದಿರುವ ಪಕ್ಷವು ನಾಲ್ಕು ಸುತ್ತುಗಳನ್ನು ಸಾಲಾಗಿ ಗೆಲ್ಲಬೇಕು. ಇಬ್ಬರೂ ಸಮಬಲರಾದರೆ ಹಾಗಾಗುವ ಸಂಭವ ಹದಿನಾರರಲ್ಲಿ ಒಂದು. ಆದುದರಿಂದ ನ್ಯಾಯವಾದ ಹಂಚಿಕೆ ೧೫ಕ್ಕೆ ೧. ಮೂರು ವರ್ಷಗಳ ಅನಂತರ, ೧೬೫೭ರಲ್ಲಿ, ಹಾಲೆಂಡಿನ ಹೈಗೆನ್ಸ್ ಈ ವಿಚಾರವನ್ನು ಚಿಕ್ಕ ಪುಸ್ತಕವಾಗಿ ಬರೆದು 'ನಿರೀಕ್ಷಿತ ಮೌಲ್ಯ'ದ ಕಲ್ಪನೆಗೆ ನೆಲೆ ಒದಗಿಸಿದನು.

೧೭೩೮ರಲ್ಲಿ ಡೇನಿಯಲ್ ಬರ್ನೂಲಿ ಇನ್ನೊಂದು ಹೆಜ್ಜೆ ಮುಂದಿಟ್ಟನು. ಅವನ ಉದಾಹರಣೆ ಸೇಂಟ್ ಪೀಟರ್ಸ್‌ಬರ್ಗಿನ ಒಬ್ಬ ವರ್ತಕನದು. ಆಮ್‌ಸ್ಟರ್‌ಡ್ಯಾಮಿನಿಂದ ಬರಬೇಕಾದ ಸರಕಿನ ಬೆಲೆ ೧೦,೦೦೦ ರೂಬಲ್. ನೂರು ಹಡಗುಗಳಲ್ಲಿ ಐದು ಮುಳುಗುತ್ತವೆ. ವಿಮೆಗೆ ೮೦೦ ರೂಬಲ್ ಕೇಳುತ್ತಾರೆ. ಸರಳ ಲೆಕ್ಕದಲ್ಲಿ ಅಪಾಯದ ಬೆಲೆ ೫೦೦ ಮಾತ್ರ. ಹಾಗಾದರೆ ವಿಮೆ ಬೇಡವೇ? ಸರಕಿನ ಹೊರತಾಗಿ ಬೇರೆ ಆಸ್ತಿ ಸುಮಾರು ೫,೦೪೩ ರೂಬಲಿಗಿಂತ ಕಡಿಮೆಯಿದ್ದರೆ ವಿಮೆ ಮಾಡಿಸುವುದೇ ವಿವೇಕ, ಹೆಚ್ಚಿದ್ದರೆ ಬಿಡಬಹುದು ಎಂದು ಬರ್ನೂಲಿ ತೋರಿಸಿದನು. ಒಂದೇ ನಷ್ಟವು ಬಡವನನ್ನು ಮುಳುಗಿಸುತ್ತದೆ, ಧನಿಕನನ್ನು ತಾಗಿ ಹೋಗುತ್ತದೆ. ಪಣ ಸರಿಯೇ ತಪ್ಪೇ ಎಂಬುದು ಪಣದಿಂದ ಮಾತ್ರ ನಿರ್ಣಯವಾಗದು. ಹೂಡುವವನ ಸ್ಥಿತಿಯೂ ಅದರಲ್ಲಿ ಸೇರುತ್ತದೆ.

ಅಮೆರಿಕದ ಆಟ

ಪೋಕರ್ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಮಿಸಿಸಿಪಿ ನದಿಯ ಉಗಿಹಡಗುಗಳಲ್ಲಿ ಹರಡಿದ ಆಟ. ಅದರ ಒಂದು ಬಗೆಯಾದ ಹೋಲ್ಡೆಮ್ ಟೆಕ್ಸಸಿನಲ್ಲಿ ಬೆಳೆಯಿತು. ರಾಬ್ಸ್‌ಟೌನ್ ಎಂಬ ಊರೇ ಅದರ ಜನ್ಮಸ್ಥಳವೆಂದು ೨೦೦೭ರಲ್ಲಿ ಅಲ್ಲಿನ ಶಾಸನಸಭೆ ಮನ್ನಿಸಿತು. ೧೯೭೦ರಲ್ಲಿ ಬೆನ್ನಿ ಬಿನಿಯನ್ ಲಾಸ್ ವೇಗಸ್ ನಗರದ ತನ್ನ ಹಾರ್ಸ್‌ಶೂ ಜೂಜುಮನೆಯಲ್ಲಿ 'ವರ್ಲ್ಡ್ ಸೀರೀಸ್ ಆಫ್ ಪೋಕರ್' ಆರಂಭಿಸಿದನು. ೨೦೦೩ರಲ್ಲಿ ಆ ಸ್ಪರ್ಧೆಯಲ್ಲಿ ಕ್ರಿಸ್ ಮನಿಮೇಕರ್ ೨೫ ಲಕ್ಷ ಡಾಲರ್ ಗೆದ್ದನು. ಅವನು ವೃತ್ತಿಯಿಂದ ಲೆಕ್ಕಿಗ. ಆ ಸುದ್ದಿ ಕೇಳಿದ ಲಕ್ಷಾಂತರ ತರುಣರು ಮೇಜಿನ ಮುಂದೆ ಬಂದು ಕುಳಿತರು.

ಆಟದ ಸ್ವರೂಪ ಇಷ್ಟು. ಪ್ರತಿಯೊಬ್ಬನಿಗೂ ಮರೆಯಲ್ಲಿ ಎರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಮತ್ತೊಂದು ಎಂಬಂತೆ ತೆರೆಯುತ್ತಾರೆ. ಪ್ರತಿ ಹಂತದಲ್ಲಿಯೂ ಪಣ ಹೂಡಬಹುದು, ಏರಿಸಬಹುದು, ಎಲೆ ಬಿಸುಟು ಹಿಂಜರಿಯಬಹುದು. 'ನೋ-ಲಿಮಿಟ್' ಎಂದರೆ ತನ್ನ ಮುಂದಿರುವ ಹಣವನ್ನೆಲ್ಲ ಯಾವ ಕ್ಷಣದಲ್ಲಿಯಾದರೂ ಮುಂದೆ ತಳ್ಳಬಹುದು ಎಂದರ್ಥ. ೫೨ ಎಲೆಗಳಿಂದ ಎರಡನ್ನು ಆರಿಸುವ ಬಗೆಗಳು ೧,೩೨೬. ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದೆಂದು ಲೆಕ್ಕ ಹಾಕಲು ಮಹಾವೀರಾಚಾರ್ಯರು ಕೊಟ್ಟ ಸೂತ್ರದಿಂದಲೇ ಈ ಸಂಖ್ಯೆಯೂ ದೊರೆಯುತ್ತದೆ: ೫೨ನ್ನು ೫೧ರಿಂದ ಗುಣಿಸಿ ೨ರಿಂದ ಭಾಗಿಸಿದರಾಯಿತು.

ನಿರ್ಣಯದ ರೀತಿ

ನನ್ನ ತಮ್ಮನ ಮಗ ವಿವರಿಸಿದ ಒಂದು ಸಂದರ್ಭವನ್ನು ಇಲ್ಲಿ ಹೇಳುತ್ತೇನೆ. ನಡುವಿನ ರಾಶಿಯಲ್ಲಿ ೧೦೦ ಡಾಲರ್ ಇದೆ. ಎದುರಾಳಿ ೫೦ ಹೂಡುತ್ತಾನೆ. ನಮ್ಮ ಎರಡು ಎಲೆ ಮತ್ತು ಮೇಜಿನ ನಾಲ್ಕು ಎಲೆಗಳಲ್ಲಿ ನಾಲ್ಕು ಆಟೀನ್ ಇವೆ. ಕೊನೆಯ ಎಲೆಯೂ ಆಟೀನ್ ಆದರೆ ನಾವು ಗೆಲ್ಲುತ್ತೇವೆಂದು ಭಾವಿಸೋಣ. ಕಾಣದ ೪೬ ಎಲೆಗಳಲ್ಲಿ ೯ ಆಟೀನ್. ನಾವು ೫೦ ಕೊಟ್ಟರೆ ಗೆಲ್ಲಬಹುದಾದದ್ದು ೧೫೦. ಒಂಬತ್ತು ಸಲ ೧೫೦ ಬಂದರೆ ೧,೩೫೦. ಮೂವತ್ತೇಳು ಸಲ ೫೦ ಹೋದರೆ ೧,೮೫೦. ಸರಾಸರಿ ಸಲವೊಂದಕ್ಕೆ ಸುಮಾರು ೧೧ ಡಾಲರ್ ನಷ್ಟ. ಆದುದರಿಂದ ಎಲೆ ಬಿಸುಡಬೇಕು. ಆದರೆ ಆಟೀನ್ ಬಂದ ಮೇಲೆ ಎದುರಾಳಿ ಇನ್ನೂ ೧೦೦ ಡಾಲರ್ ತೆರುವವನೆಂದು ಅವನ ಸ್ವಭಾವದಿಂದ ಖಚಿತವಾದರೆ ಲೆಕ್ಕ ತಿರುಗುತ್ತದೆ. ಆಗ ಒಂಬತ್ತು ಸಲ ೨೫೦ರಂತೆ ೨,೨೫೦. ಸಲವೊಂದಕ್ಕೆ ಸುಮಾರು ೯ ಡಾಲರ್ ಲಾಭ. ಎಲೆಗಳು ಅವೇ, ರಾಶಿಯೂ ಅದೇ. ನಿರ್ಣಯ ಮಾತ್ರ ಎದುರಿನ ಮನುಷ್ಯನ ಮೇಲೆ ನಿಂತಿತು. ಮಿತಿಯಿಲ್ಲದ ಆಟದ ಮರ್ಮ ಇಲ್ಲಿದೆ. ಎಲೆಯ ಲೆಕ್ಕವನ್ನು ವಾರದಲ್ಲಿ ಕಲಿಯಬಹುದು. ಎದುರಾಳಿ ಎಷ್ಟರವರೆಗೆ ಕೊಡಬಲ್ಲನೆಂಬ ಲೆಕ್ಕಕ್ಕೆ ವರ್ಷಗಳು ಬೇಕು.

ಎರಡನೆಯದು ಹುಸಿಪಣ, ಅವರ ಭಾಷೆಯಲ್ಲಿ 'ಬ್ಲಫ್'. ರಾಶಿಯಲ್ಲಿ ೧೦೦ ಇರುವಾಗ ಕೈಯಲ್ಲಿ ಏನೂ ಇಲ್ಲದವನು ೫೦ ಹೂಡಿ ಹೆದರಿಸಿದರೆ, ಮೂರು ಸಲಕ್ಕೆ ಒಂದು ಸಲ ಎದುರಾಳಿ ಹಿಂಜರಿದರೂ ನಷ್ಟವಿಲ್ಲ. ಜಾನ್ ಫಾನ್ ನ್ಯೂಮನ್ ೧೯೪೪ರಲ್ಲಿ ಮೋರ್ಗೆನ್‌ಸ್ಟರ್ನ್ ಜೊತೆಗೂಡಿ ಪ್ರಕಟಿಸಿದ ಕ್ರೀಡಾಸಿದ್ಧಾಂತದ ಗ್ರಂಥದಲ್ಲಿ ಪೋಕರಿಗೆ ಒಂದು ವಿಭಾಗವನ್ನೇ ಮೀಸಲಿಟ್ಟು, ಹುಸಿಪಣವು ಚಪಲವಲ್ಲ, ಸರಿಯಾದ ಆಟದ ಅನಿವಾರ್ಯ ಅಂಗ ಎಂದು ಸಿದ್ಧಪಡಿಸಿದನು. ಎಂದೂ ಹುಸಿಯಾಡದವನು ಪಣ ಏರಿಸಿದೊಡನೆ ಎಲ್ಲರೂ ಎಲೆ ಬಿಸುಡುವರು. ಆಗ ಅವನ ಒಳ್ಳೆಯ ಎಲೆಗಳಿಗೂ ಫಲವಿಲ್ಲ.

ಮೂರನೆಯದು ಫಲದಿಂದ ನಿರ್ಣಯವನ್ನು ಬೇರ್ಪಡಿಸುವ ಶಿಸ್ತು. ಸರಿಯಾದ ನಿರ್ಣಯ ಮಾಡಿಯೂ ಸೋಲಬಹುದು, ತಪ್ಪು ನಿರ್ಣಯದಿಂದಲೂ ಗೆಲ್ಲಬಹುದು. ಸೋತ ಕೋಪದಲ್ಲಿ ಮುಂದಿನ ಪಣ ಹೂಡುವವನು ಲೆಕ್ಕವನ್ನೇ ಮರೆಯುತ್ತಾನೆ. ೨೦೧೭ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ನಿರ್ಮಿಸಿದ 'ಲಿಬ್ರಾಟಸ್' ಎಂಬ ಗಣಕಯಂತ್ರ ವ್ಯವಸ್ಥೆ ಇಪ್ಪತ್ತು ದಿನಗಳಲ್ಲಿ ೧,೨೦,೦೦೦ ಕೈಗಳನ್ನಾಡಿ ನಾಲ್ವರು ವೃತ್ತಿಪರರನ್ನು ಸೋಲಿಸಿತು. ಅದಕ್ಕೆ ಎದುರಾಳಿಯ ಮುಖ ಕಾಣುತ್ತಿರಲಿಲ್ಲ, ಸೋತಾಗ ಸಿಟ್ಟೂ ಬರುತ್ತಿರಲಿಲ್ಲ.

ಈ ಮೂರನೆಯ ಶಿಸ್ತಿಗೆ ನಾನು ಮನಃಪೂರ್ವಕವಾಗಿ ತಲೆಬಾಗುತ್ತೇನೆ. ಒಂದು ವರ್ಷ ನಾನು ಬರಿಯ ಗಾಳಿಮಾತು ನಂಬಿ ಸಾಲ ತಂದು ಅಡಿಕೆ ಸಂಗ್ರಹಿಸಿದೆ. ಧಾರಣೆ ಏರಿತು, ಲಾಭವಾಯಿತು. ಊರಿನವರು ಜಾಣನೆಂದರು, ನಾನೂ ನಂಬಿದೆ. ನಾನು ಮಾಡಿದ್ದು ತಪ್ಪು ನಿರ್ಣಯವೆಂದು ತಿಳಿಯಲು, ಅದನ್ನೇ ಪುನಃ ಮಾಡಿ ಮೂರು ವರ್ಷದ ಗಳಿಕೆ ಕಳೆದುಕೊಳ್ಳಬೇಕಾಯಿತು.

ಧರ್ಮರಾಜನ ಪಣ

ಲೆಕ್ಕ ಬಲ್ಲವನು ಎಷ್ಟು ಹೂಡಬೇಕು? ಅಮೆರಿಕದ ಬೆಲ್ ಪ್ರಯೋಗಾಲಯದ ಕೆಲ್ಲಿ ೧೯೫೬ರಲ್ಲಿ ಇದಕ್ಕೆ ಉತ್ತರ ಕೊಟ್ಟನು. ನೂರಕ್ಕೆ ಅರವತ್ತು ಸಲ ಗೆಲ್ಲುವ ಸಮಪಣವೇ ದೊರೆತರೂ, ಒಂದು ಸಲಕ್ಕೆ ತನ್ನ ಬಂಡವಾಳದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೂಡಬಾರದು. ಪ್ರತಿ ಸಲವೂ ಸರ್ವಸ್ವವನ್ನು ಹೂಡುವವನು ಐದು ಸಲದ ಅನಂತರ ಉಳಿಯುವ ಸಂಭವ ನೂರಕ್ಕೆ ಎಂಟರಷ್ಟೂ ಇಲ್ಲ.

ಪೋಕರ್ ಮೇಜಿನಲ್ಲಿ ಒಂದು ಕಟ್ಟಳೆಯಿದೆ: ಕೈ ಆರಂಭವಾದ ಮೇಲೆ ಮೇಜಿನ ಮೇಲಿರುವ ಹಣವನ್ನಲ್ಲದೆ ಬೇರೇನನ್ನೂ ಹೂಡುವಂತಿಲ್ಲ. ಮಿತಿಯಿಲ್ಲದ ಆಟಕ್ಕೂ ಈ ಮಿತಿಯಿದೆ. ಹಸ್ತಿನಾವತಿಯ ಸಭೆಯಲ್ಲಿ ಇಷ್ಟೂ ಇರಲಿಲ್ಲ. ೯೪೧ರಲ್ಲಿ ನಮ್ಮ ಆದಿಕವಿ ಪಂಪನು 'ವಿಕ್ರಮಾರ್ಜುನ ವಿಜಯ'ದಲ್ಲಿ ಕನ್ನಡಕ್ಕೆ ತಂದ ಭಾರತಕಥೆಯ ತಿರುವು ಆ ಸಭೆಯಲ್ಲಿಯೇ ಇದೆ. ವ್ಯಾಸಭಾರತದ ಧರ್ಮರಾಜನು ಹೊನ್ನು, ರಾಜ್ಯಗಳ ಬಳಿಕ ತಮ್ಮಂದಿರನ್ನೂ ತನ್ನನ್ನೂ ಮಡದಿಯನ್ನೂ ಒಡ್ಡಿದನು. ಲೋಭಿಯೂ ದುಷ್ಟನೂ ಅಲ್ಲದ ಧರ್ಮರಾಜನಿಗೆ ಇಲ್ಲದೆ ಹೋದದ್ದು ಎದ್ದು ಬರುವ ಶಕ್ತಿ.

ಮೇಜಿನ ಮೇಲಿನ ಮಿತಿ ಮೇಜಿನ ಹೊರಗೆ ಕಾಯುವುದಿಲ್ಲವೆಂಬುದಕ್ಕೆ ಸ್ಟೂ ಉಂಗರ್ ಸಾಕ್ಷಿ. ೧೯೮೦, ೧೯೮೧ ಮತ್ತು ೧೯೯೭ರಲ್ಲಿ ಮೂರು ಸಲ ಆ ವಿಶ್ವಸ್ಪರ್ಧೆಯ ಮುಖ್ಯ ಪಂದ್ಯವನ್ನು ಗೆದ್ದವನು. ಎಲೆಗಳ ಲೆಕ್ಕದಲ್ಲಿ ಅವನಿಗೆ ಸಮಾನರಿಲ್ಲವೆಂದು ಬಲ್ಲವರ ಮಾತು. ಮೇಜಿನಲ್ಲಿ ಗಳಿಸಿದ್ದನ್ನು ಕುದುರೆ ಜೂಜು, ಕ್ರೀಡೆಗಳ ಬಾಜಿ ಮತ್ತು ಮಾದಕ ಪದಾರ್ಥಗಳಿಗೆ ಸುರಿದು, ೧೯೯೮ರಲ್ಲಿ ನಲವತ್ತೈದನೆಯ ವಯಸ್ಸಿನಲ್ಲಿ, ಲಾಸ್ ವೇಗಸ್ ನಗರದ ಅಗ್ಗದ ವಸತಿಗೃಹವೊಂದರ ಕೋಣೆಯಲ್ಲಿ ಒಂಟಿಯಾಗಿ ಸತ್ತನು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಟ್ಟ ಆಚಾರ್ಯರು ಈ ದಾರಿಯನ್ನು ಬಲ್ಲವರಾಗಿದ್ದರು. ಆ ಬಾಗಿಲು ತೆರೆದರೆ ಉಳಿದವು ತಾವಾಗಿ ಒಳಗೆ ಬರುತ್ತವೆ.

ಷರಾ ಅಂಕಣ

ಆದರೆ ಇದೂ ನನ್ನ ತಮ್ಮನ ಮಗನಿಗೆ ಉತ್ತರವಾಗುವುದಿಲ್ಲ. ಅವನು ಉಂಗರ್ ಅಲ್ಲ. ಬಂಡವಾಳದ ಅಲ್ಪಾಂಶವನ್ನು ಮಾತ್ರ ಒಯ್ಯುತ್ತಾನೆ, ಸಿಟ್ಟು ಬಂದರೆ ಎದ್ದು ಬರುತ್ತಾನೆ, ಗೆಲ್ಲುತ್ತಾನೆ. ಅವನಿಗೆ ಹೇಳಬೇಕಾದದ್ದು ಅವನ ಪುಸ್ತಕದಲ್ಲಿಯೇ ಸಿಕ್ಕಿತು. ದಿನಾಂಕ, ಗಂಟೆ, ಒಯ್ದ ಹಣ, ತಂದ ಹಣ ಇವುಗಳಾದ ಮೇಲೆ ಕೊನೆಯಲ್ಲಿ ಷರಾ ಎಂಬ ಅಂಕಣವಿತ್ತು. ಒಂದು ಶನಿವಾರದ ಷರಾ ಹೀಗಿತ್ತು: "ಐದನೆಯ ಕುರ್ಚಿಯ ಮುದುಕ. ಹೆಂಡತಿ ತೀರಿಕೊಂಡಿದ್ದಾಳೆ. ಏನು ಬಂದರೂ ಬಿಡುವುದಿಲ್ಲ. ಅವನು ಏಳುವವರೆಗೆ ಏಳಬಾರದು."

ನಾನು ಆ ಸಾಲಿನ ಮೇಲೆ ಬೆರಳಿಟ್ಟೆ. ಲೆಕ್ಕದಲ್ಲಿ ತಪ್ಪಿಲ್ಲ. ಪೋಕರ್ ರಾಶಿಯಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ. ಒಬ್ಬನ ಜಮೆ ಇನ್ನೊಬ್ಬನ ಖರ್ಚು, ನಡುವೆ ಮನೆಯವರ ಕಡಿತ ಬೇರೆ. ಆದುದರಿಂದ ಚೆನ್ನಾಗಿ ಆಡುವುದೆಂದರೆ ಮೊದಲಾಗಿ ತನಗಿಂತ ಕಡಿಮೆ ಬಲ್ಲವರ ನಡುವೆ ಕುಳಿತುಕೊಳ್ಳುವುದು. ನಾನು ಅಡಿಕೆ ಕೊಂಡಾಗ ಬೆಳೆಗಾರನಿಗೆ ಹಣ ಬೇಕಿತ್ತು, ನನಗೆ ಸರಕು ಬೇಕಿತ್ತು. ಇಬ್ಬರೂ ಸಂತೋಷವಾಗಿ ಮನೆಗೆ ಹೋಗುವ ಸಾಧ್ಯತೆಯಿತ್ತು. ಆ ಮುದುಕನಿಗೆ ಅಂತಹ ಸಾಧ್ಯತೆ ಇಲ್ಲ. ಸರಕನ್ನು ಕಣ್ಣಿನಿಂದ ನೋಡದೆ ನಾವು ಮಾಡುವ ಸಟ್ಟಾ ವ್ಯಾಪಾರಕ್ಕೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಕ್ರೋಧ, ಮಾನ, ಮಾಯೆ, ಲೋಭ ಇವು ನಾಲ್ಕು ಕಷಾಯಗಳು. ಈ ಆಟ ಕ್ರೋಧವನ್ನು ಅಡಗಿಸಲು ಕಲಿಸುತ್ತದೆ. ಸೋತ ಎಲೆಯನ್ನು ಬಿಸುಡುವಾಗ ಮಾನವನ್ನೂ ಬಿಡಲು ಕಲಿಸುತ್ತದೆ. ಇದು ಸುಳ್ಳಲ್ಲ. ಆದರೆ ಆ ಎರಡನ್ನು ಗೆಲ್ಲುವುದು ಮಾಯೆ ಮತ್ತು ಲೋಭಗಳ ಸೇವೆಗಾಗಿ. ಹುಸಿಪಣ ಮಾಯೆಯೇ ಸರಿ. ಅದು ಫಲಿಸಿದಾಗ ಆಗುವ ಹಿಗ್ಗನ್ನು ನಮ್ಮ ಶಾಸ್ತ್ರಕಾರರು ಮೃಷಾನಂದವೆಂಬ ರೌದ್ರಧ್ಯಾನದಲ್ಲಿ ಸೇರಿಸಿದ್ದಾರೆ. ಆಟಗಾರರೆಲ್ಲರೂ ಒಪ್ಪಿ ಕುಳಿತ ಮೇಲೆ ಅದು ವಂಚನೆಯಲ್ಲವೆಂದು ವಾದಿಸಬಹುದು. ಲೋಕವ್ಯವಹಾರದಲ್ಲಿ ಆ ವಾದಕ್ಕೆ ಬೆಲೆಯೂ ಇದೆ. ಆದರೆ ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಬಗೆಗಳಲ್ಲಿ ಅಪಧ್ಯಾನವನ್ನು ಎಣಿಸಿದ್ದಾರೆ. ಪರರಿಗೆ ಕೇಡಾಗಲೆಂದು ಚಿಂತಿಸುವುದೇ ಅಪಧ್ಯಾನ. ಕೇಡು ಆಗಲೇಬೇಕೆಂದೇನೂ ಇಲ್ಲ. ಐದನೆಯ ಕುರ್ಚಿಯವನು ಏಳದಿರಲಿ ಎಂದು ರಾತ್ರಿಯೆಲ್ಲ ಬಯಸುವ ಮನಸ್ಸು ಇದಲ್ಲದೆ ಮತ್ತೇನು? ಕೋಳಿ ಅಂಕದ ಚತುರನು ಹನ್ನೆರಡು ಹೊನ್ನಿಗಾಗಿ ಇಬ್ಬರ ಅಜ್ಞಾನವನ್ನು ಕಾಯ್ದುಕೊಂಡಂತೆ, ಇವನು ಒಬ್ಬನ ದುಃಖವನ್ನು ಕಾಯ್ದುಕೊಂಡು ಕುಳಿತಿದ್ದನು.

ಕೌಶಲವೋ ಅದೃಷ್ಟವೋ ಎಂಬ ಚರ್ಚೆ ನ್ಯಾಯಾಲಯಗಳಲ್ಲಿ ನಡೆಯುತ್ತಲೇ ಬಂದಿದೆ. ೨೦೨೫ರ ಆಗಸ್ಟ್ ತಿಂಗಳಲ್ಲಿ ನಮ್ಮ ಸಂಸತ್ತು ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಆ ಭೇದವೆಣಿಸದೆ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಶ್ರಾವಕನಿಗೆ ಆ ಚರ್ಚೆಯಿಂದ ಬಿಡುಗಡೆಯಿಲ್ಲ. ಆಟ ಬರಿಯ ಅದೃಷ್ಟವಾದರೆ ಆಡುವವನು ಮೂಢ. ಕೌಶಲವಾದರೆ ಆಡುವವನು ತಿಳಿದೂ ತಿಳಿದೂ ತಿಳಿಯದವನಿಂದ ಕಿತ್ತುಕೊಳ್ಳುವವನು. ಕೌಶಲ ಹೆಚ್ಚಿದಷ್ಟೂ ಹೊಣೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ನನ್ನ ತಮ್ಮನ ಮಗ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, "ದೊಡ್ಡಪ್ಪ, ಆ ಸಾಲು ಬರೆದದ್ದು ನನಗೆ ನೆನಪೇ ಇರಲಿಲ್ಲ" ಎಂದನು. ಆಟ ಬಿಡುವೆನೆಂದು ಅವನು ಮಾತು ಕೊಡಲಿಲ್ಲ, ನಾನೂ ಕೇಳಲಿಲ್ಲ. ಮತ್ತೊಬ್ಬರು ಹೇಳಿ ಕೊಡಿಸಿದ ವ್ರತ ಬಹುದಿನ ನಿಲ್ಲದು. ಒಂದೇ ಮಾತು ಹೇಳಿದೆ: ಷರಾ ಅಂಕಣವನ್ನು ಬಿಡದೆ ಬರೆಯುತ್ತಿರು, ತಿಂಗಳ ಕೊನೆಗೆ ಲಾಭದ ಮೊತ್ತ ಕೂಡುವ ಮೊದಲು ಅದನ್ನು ಓದು. ನಮ್ಮ ಹಿರಿಯರು ಖಾತೆ ಪುಸ್ತಕವನ್ನು ಪೂಜೆಗಿಟ್ಟದ್ದು ಅದರಲ್ಲಿ ಹಣ ಕಾಣುತ್ತದೆಂಬ ಕಾರಣಕ್ಕಷ್ಟೇ ಇರಲಾರದು. ಪ್ರತಿಯೊಂದು ಜಮೆಯ ಎದುರಿಗೆ ಯಾರದೋ ಹೆಸರು ಅದರಲ್ಲಿ ಇರುತ್ತದೆ.